ಹೆಂಚಿನ ಸಂದಿಯ ಕಣ್ಕಪ್ಪಡಿಗೆ ಹೊಗೆ ಹಾಕೋ ಮುಂಚೆ

ಮಳೆ ಹಿಡಿಯೋದ್ರೊಳಗೆ ಹೆಂಚು ಇಳಿಸಿ ಶೀಟ್ ಹೊದೆಸಿ ಮುಗಿಸಬೇಕು ಅಂತ ನಮ್ಮ ಸುತ್ತಮುತ್ತ ಕೆಲಸ ಜೋರಾಗಿ ನಡೀತಾ ಇದೆ. ಅದಕ್ಕೆ ನನ್ನ ತಕರಾರಿಲ್ಲ. ಹೆಂಚು ತಿರುವಿ ಹಾಕೋಕೆ ಜನ ಸಿಗಲ್ಲ, ಮಂಗ ಒಂದು ಸಲ ಮಾಡಿನ ಮೇಲೆ ಓಡಿದ್ರೆ ಹತ್ತಿಪ್ಪತ್ತು ಹೆಂಚು ಪುಡಿ, ರೀಪು ಗೆದ್ದಲು ತಿಂದಿರುತ್ತೆ. ಶೀಟ್ ಹಾಕೋರು ಹಾಕ್ಲಿ. ನನ್ನ ತಕರಾರು ಇರೋದು ಹೆಂಚು ಇಳಿಸೋ ಹಿಂದಿನ ದಿನ ಮಾಡೋ ಕೆಲಸದ ಬಗ್ಗೆ. ಮಾಡಿನ ಕೆಳಗೆ ಹಸಿ ಸೊಪ್ಪು, ಒಣಮೆಣಸು ಹಾಕಿ ಹೊಗೆ ಎಬ್ಬಿಸೋದು. ಸಂದಿಗೆ ನುಸಿಗುಳಿಗೆ ತುರುಕೋದು. ಇನ್ನೂ ಮುಂದಕ್ಕೆ ಹೋದವರು ಗದ್ದೆಗೆ ಹೊಡೆದು ಮಿಕ್ಕಿದ ಔಷಧಿಯನ್ನೇ ಪಂಪಿಗೆ ಹಾಕಿ ಹೆಂಚಿನ ಅಡಿಗೆ ಹೊಡೀತಾರೆ, ಅದೂ ಮಕ್ಕಳು ಮಲಗೋ ಮನೆಯಲ್ಲಿ. ಯಾಕ್ರೋ ಅಂದ್ರೆ ಉತ್ತರ ಒಂದೇ: "ಬಾವಲಿ ಮಾರಾಯ್ರೆ, ನಿಪಾ ಬರುತ್ತಂತೆ."

ಅದು ಬಾವಲಿ ಅಲ್ಲ. ಕಣ್ಕಪ್ಪಡಿ. ಇದೊಂದು ವ್ಯತ್ಯಾಸ ಗೊತ್ತಾದ್ರೆ ಅರ್ಧ ಜಗಳ ಮುಗೀತು ಅಂತ ನನ್ನ ಲೆಕ್ಕ.

ನಮ್ಮ ಅಜ್ಜ ಅಜ್ಜಿಯರ ಕಾಲಕ್ಕೆ ಎರಡಕ್ಕೂ ಬೇರೆ ಬೇರೆ ಹೆಸರೇ ಇತ್ತು. ದೊಡ್ಡ ಆಲದ ಮರದಲ್ಲಿ ನೂರುಗಟ್ಟಲೆ ಜೋತು ಬಿದ್ದು ಹಗಲೆಲ್ಲ ಕಚಪಚ ಅನ್ನೋದು ಬಾವಲಿ. ರೆಕ್ಕೆ ಬಿಚ್ಚಿದ್ರೆ ನಾಲ್ಕು ಅಡಿ ಬರುತ್ತೆ, ಮುಖ ನರಿ ಥರ, ಕಣ್ಣು ದೊಡ್ಡದು. ಹಣ್ಣಡಕೆ ಸಿಪ್ಪೆ ಚೀಪಿ ಕಾಯಿ ಉದುರಿಸುತ್ತಲ್ಲ, ನಾವು ಬೆಳಿಗ್ಗೆ ತೋಟದಲ್ಲಿ ಹೆಕ್ಕಿ ತರ್ತೀವಲ್ಲ, ಅದು ಇಂಥ ಹಣ್ಣು ತಿನ್ನೋ ಬಾವಲಿಗಳ ಕೆಲಸ. ಬಾಳೆಗೊನೆಗೆ, ಪೇರಲೆಗೆ ಬರೋದು ಅದಕ್ಕಿಂತ ಚಿಕ್ಕ ಇನ್ನೊಂದು ಜಾತಿ, ಅದೂ ಹಣ್ಣಿನದ್ದೇ. ಹೆಂಚಿನ ಸಂದಿಯದ್ದಕ್ಕೆ ಮಾತ್ರ ಹಣ್ಣು ಬೇಡವೇ ಬೇಡ. ನೀವು ಮಾಗಿದ ಬಾಳೆಹಣ್ಣು ಸುಲಿದು ಎದುರಿಗೆ ಇಟ್ರೂ ಮೂಸಲ್ಲ. ಅದು ತಿನ್ನೋದು ಹುಳ ಮಾತ್ರ.

ಇದು ಎಷ್ಟು ಸಣ್ಣ ಪ್ರಾಣಿ ಅನ್ನೋದು ಸುಮಾರು ಜನಕ್ಕೆ ಅಂದಾಜಿಲ್ಲ. ಹಾರುವಾಗ ರೆಕ್ಕೆ ಕಾಣೋದ್ರಿಂದ ಗುಬ್ಬಿಯಷ್ಟು ಇರ್ಬೇಕು ಅನ್ಸುತ್ತೆ. ಆದ್ರೆ ಮೈ ಅಂದ್ರೆ ನಮ್ಮ ಹೆಬ್ಬೆರಳಿಗಿಂತ ಗಿಡ್ಡ, ನಾಲ್ಕು ಸೆಂಟಿಮೀಟರ್ ಆಸುಪಾಸು. ತೂಕ ಎರಡರಿಂದ ನಾಲ್ಕು ಗ್ರಾಂ. ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಅಂಗೈ ಮೇಲೆ ಇಟ್ಕೊಳ್ಳಿ, ಹೆಚ್ಚುಕಮ್ಮಿ ಅಷ್ಟೇ ಭಾರ. ಬಿಚ್ಚಿದ ರೆಕ್ಕೆ ತುದಿಯಿಂದ ತುದಿಗೆ ಒಂದು ಗೇಣಿಗೆ ಸ್ವಲ್ಪ ಕಮ್ಮಿ. ಬೆನ್ನು ಕಡುಕಂದು, ಕೆಲವು ಕಪ್ಪಿಗೇ ಹತ್ತಿರ, ಹೊಟ್ಟೆ ಕಡೆ ಸ್ವಲ್ಪ ಮಾಸಲು. ಮೂತಿ ಮೊಂಡು, ಕಿವಿ ಗಿಡ್ಡ, ತುದಿ ದುಂಡಗೆ. ಕಣ್ಣು ಸಾಸಿವೆ ಕಾಳಿನಷ್ಟು. ಕುರುಡು ಅಂತಾರೆ, ಹಾಗೇನಿಲ್ಲ, ಕಾಣುತ್ತೆ. ಇನ್ನೊಂದು ಗುರುತು ಬಾಲ. ಇದಕ್ಕೆ ಬಾಲ ಇದೆ, ಆದ್ರೆ ಹೊರಗೆ ಜೋತಾಡಲ್ಲ, ಎರಡು ಹಿಂಗಾಲಿನ ನಡುವೆ ಇರೋ ತೆಳು ತೊಗಲಿನೊಳಗೆ ಸೇರಿಕೊಂಡಿರುತ್ತೆ. ಹಾರ್ತಾ ಹಾರ್ತಾ ಹುಳ ಸಿಕ್ರೆ ರೆಕ್ಕೆಯಿಂದಲೋ ಈ ತೊಗಲಿನಿಂದಲೋ ಮೊರದಲ್ಲಿ ಗೋಚಿದ ಹಾಗೆ ಗೋಚಿ ಬಾಯಿಗೆ ಹಾಕ್ಕೊಳ್ಳುತ್ತೆ. ಸಂಜೆ ಅದು ಗಾಳಿಯಲ್ಲೇ ಲಾಗ ಹಾಕಿದ ಹಾಗೆ, ಎಡವಿದ ಹಾಗೆ ಕಾಣೋದು ಇದಕ್ಕೇ.

ವಿಜ್ಞಾನದವರು ಈ ಗುಂಪಿಗೆ ಪಿಪಿಸ್ಟ್ರೆಲ್ ಅಂತಾರೆ. ಇಟಲಿ ಭಾಷೆಯಲ್ಲಿ ಬಾವಲಿಗೆ ಇರೋ ಪದದಿಂದ ಬಂದಿದ್ದು. ನಮ್ಮ ಕಡೆ ಮನೆ ಹತ್ತಿರ ಇರೋದ್ರಲ್ಲಿ ಮುಖ್ಯ ಎರಡು: ಒಂದು ಪಿಪಿಸ್ಟ್ರೆಲಸ್ ಟೆನುಯಿಸ್, ಇನ್ನೊಂದು ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದು, ಪಿಪಿಸ್ಟ್ರೆಲಸ್ ಕೋರಮಂಡ್ರ. ಎರಡನೆಯದಕ್ಕೆ 1838ರಲ್ಲಿ ಪಾಂಡಿಚೇರಿಯಲ್ಲಿ ಸಿಕ್ಕಿದ್ದನ್ನ ನೋಡಿ ಹೆಸರಿಟ್ಟಿದ್ದು, ಕೋರಮಂಡಲ ಕರಾವಳಿ ಅಂತಾರಲ್ಲ, ಅದೇ. ಹಾರುವಾಗ ನೋಡಿ ಇದು ಅದು ಅಂತ ಹೇಳೋಕೆ ಯಾರಿಂದಲೂ ಆಗಲ್ಲ. ಹಲ್ಲು, ತಲೆಬುರುಡೆ ನೋಡಿ ಗುರುತು ಹಿಡೀಬೇಕು. ನಮಗೆ ಎರಡೂ ಕಣ್ಕಪ್ಪಡಿ.

ನಿಪಾ ವಿಷಯ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಹತ್ತಿರ ಅದು ಬಂದಾಗ ಟೀವಿಯವರು ಹಗಲು ರಾತ್ರಿ ಬಾವಲಿ ತೋರ್ಸಿದ್ರು. ಅಲ್ಲಿ ನಡೆದದ್ದೇನು ಅಂದ್ರೆ, ಮೊದಲು ಕಾಯಿಲೆ ಬಂದ ಮನೆಯ ಬಾವಿಯಲ್ಲಿದ್ದ ಬಾವಲಿಗಳನ್ನ ಹಿಡಿದು ಭೋಪಾಲದ ಪ್ರಯೋಗಾಲಯಕ್ಕೆ ಕಳಿಸಿದ್ರು. ಅವು ಹುಳ ತಿನ್ನೋ ಜಾತಿ. ಅದರಲ್ಲಿ ನಿಪಾ ಸಿಗಲಿಲ್ಲ. ಆಮೇಲೆ ಹಣ್ಣು ತಿನ್ನೋ ದೊಡ್ಡ ಬಾವಲಿಗಳನ್ನ ಪರೀಕ್ಷೆ ಮಾಡಿದಾಗ ಅದರಲ್ಲಿ ಸಿಕ್ಕಿತು. ಮೊದಲನೇ ಸುದ್ದಿ ಎಲ್ಲರಿಗೂ ನೆನಪಿದೆ, ಎರಡನೆಯದು ಯಾರಿಗೂ ಇಲ್ಲ. ಬಾವಲಿ ಕಚ್ಚಿದ ಹಣ್ಣು ತಿನ್ಬೇಡಿ, ಮಕ್ಕಳಿಗೆ ಕೊಡ್ಬೇಡಿ ಅನ್ನೋದು ಸರಿಯಾದ ಮಾತು, ಅದನ್ನ ಪಾಲಿಸಿ. ಅದಕ್ಕೂ ಕೊಟ್ಟಿಗೆ ಹೆಂಚಿನಲ್ಲಿರೋ ಮೂರು ಗ್ರಾಂ ಪ್ರಾಣಿಗೂ ತಳುಕು ಹಾಕ್ಬೇಡಿ. ಹಳೇ ವನ್ಯಜೀವಿ ಕಾಯ್ದೆಯಲ್ಲಿ ಇಲಿ, ಕಾಗೆ ಜೊತೆ ಉಪದ್ರವದ ಪ್ರಾಣಿ ಅಂತ ಒಂದು ಪಟ್ಟಿ ಇತ್ತು. ಅದರಲ್ಲೂ ಬರೆದಿದ್ದು ಹಣ್ಣಿನ ಬಾವಲಿ ಅಂತಲೇ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯ್ತು.

ಹಾಗಂತ ಬರಿಗೈಯಲ್ಲಿ ಹಿಡಿದು ಆಟ ಆಡಿ ಅಂತ ಅಲ್ಲ. ಕಾಡಿನ ಪ್ರಾಣಿ, ಹಿಡಿದ್ರೆ ಕಚ್ಚುತ್ತೆ. ಹಲ್ಲು ಸೂಜಿಮೊನೆ ಥರ, ಗಾಯ ಕಾಣಿಸದೇ ಇರಬಹುದು. ಕಚ್ಚಿದ್ರೆ ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ, ನಾಯಿ ಕಚ್ಚಿದ್ರೆ ಹೋಗ್ತೀವಲ್ಲ ಹಾಗೆ. ರಾತ್ರಿ ಮನೆಯೊಳಗೆ ಬಂದ್ರೆ ಪೊರಕೆ ತಗೊಂಡು ಅಟ್ಟಿಸಬೇಡಿ. ಫ್ಯಾನು ಆಫ್ ಮಾಡಿ, ದೀಪ ಆರಿಸಿ, ಕಿಟಕಿ ಬಾಗಿಲು ತೆಗೆದಿಡಿ, ಅದೇ ಹೋಗುತ್ತೆ. ಕೂದಲಿಗೆ ಸಿಕ್ಕಿಹಾಕ್ಕೊಳ್ಳುತ್ತೆ ಅನ್ನೋದು ಸುಳ್ಳು. ಕತ್ತಲಲ್ಲಿ ಸೊಳ್ಳೆಯಷ್ಟು ಹುಳವನ್ನ ಗುರಿಯಿಟ್ಟು ಹಿಡಿಯೋದಕ್ಕೆ ಮನುಷ್ಯನ ತಲೆ ಕಾಣದೇ ಇರುತ್ತಾ? ಅದು ಕೂಗ್ತಾ ಹೋಗುತ್ತೆ, ಕೂಗು ಎದುರಿನ ವಸ್ತುವಿಗೆ ತಾಗಿ ವಾಪಸ್ ಬರೋದನ್ನ ಕೇಳಿ ದಾರಿ ಕಂಡ್ಕೊಳ್ಳುತ್ತೆ. ಆ ಕೂಗು ನಮ್ಮ ಕಿವಿಗೆ ಎಟುಕುವ ಎತ್ತರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಎತ್ತರದ್ದು, ಹಾಗಾಗಿ ನಮಗೆ ನಿಶ್ಶಬ್ದ.

ಈಗ ಉಪಯೋಗದ ಮಾತು. ಇಲ್ಲಿ ನಾನು ಸ್ವಲ್ಪ ಬಿಗಿಯಾಗೇ ಇರ್ತೀನಿ, ಯಾಕಂದ್ರೆ ಪ್ರಾಣಿಪ್ರೀತಿ ಇರೋರು ಹೇಳೋದ್ರಲ್ಲೂ ಉತ್ಪ್ರೇಕ್ಷೆ ಜಾಸ್ತಿ. "ಒಂದು ಬಾವಲಿ ಗಂಟೆಗೆ ಸಾವಿರ ಸೊಳ್ಳೆ ತಿನ್ನುತ್ತೆ" ಅಂತ ವಾಟ್ಸಾಪಲ್ಲಿ ತಿರುಗ್ತಾ ಇರುತ್ತೆ. 1960ರಲ್ಲಿ ಅಮೆರಿಕದಲ್ಲಿ ಗ್ರಿಫಿನ್ ಅನ್ನೋರು ಮತ್ತು ಅವರ ಜೊತೆಯವರು ಮುಚ್ಚಿದ ಕೋಣೆಯಲ್ಲಿ ಸೊಳ್ಳೆ, ಹಣ್ಣಿನ ನೊಣ ಬಿಟ್ಟು ಬಾವಲಿ ಹೇಗೆ ಹಿಡಿಯುತ್ತೆ ಅಂತ ನೋಡಿದ್ರು. ಕೆಲವು ನಿಮಿಷದಲ್ಲಿ ಹಿಡಿದಿದ್ದನ್ನ ಗಂಟೆಗೆ ಗುಣಿಸಿದ್ದೇ ಆಮೇಲೆ ಊರೂರು ತಿರುಗಿ ಬೆಳೀತು. ಆ ಬಾವಲಿಯೂ ಬೇರೆ ಜಾತಿ, ನಮ್ಮದರ ಎರಡು ಪಟ್ಟಿಗೂ ಹೆಚ್ಚು ತೂಕದ್ದು. ಅದೆಲ್ಲ ಬೇಡ, ನಾವೇ ಲೆಕ್ಕ ಹಾಕೋಣ. ಒಂದು ಸೊಳ್ಳೆ ಎರಡು ಎರಡೂವರೆ ಮಿಲಿಗ್ರಾಂ ತೂಗುತ್ತೆ. ಸಾವಿರ ಸೊಳ್ಳೆ ಅಂದ್ರೆ ಎರಡು ಎರಡೂವರೆ ಗ್ರಾಂ. ಮೂರು ಗ್ರಾಂ ಪ್ರಾಣಿ ಒಂದು ಗಂಟೆಯಲ್ಲಿ ಹೆಚ್ಚುಕಮ್ಮಿ ತನ್ನಷ್ಟೇ ತೂಕ ತಿಂದ್ರೆ ಹಾರೋದು ಹೇಗೆ?

ಹುಳ ತಿನ್ನೋ ಬಾವಲಿಗಳು ಸಾಮಾನ್ಯವಾಗಿ ಒಂದು ರಾತ್ರಿಗೆ ತಮ್ಮ ತೂಕದ ಕಾಲುಭಾಗದಿಂದ ಅರ್ಧದವರೆಗೆ ತಿಂತಾವೆ, ಹಾಲು ಕುಡಿಸೋ ತಾಯಿ ಇನ್ನೂ ಜಾಸ್ತಿ. ನಮ್ಮ ಕಣ್ಕಪ್ಪಡಿಗೆ ಒಂದು ಗ್ರಾಂ ಅಂತ ಇಟ್ಕೊಳ್ಳಿ. ನಮ್ಮ ಕೊಟ್ಟಿಗೆ ಮಾಡಿನಿಂದ ಹೊರಗೆ ಬೀಳೋದನ್ನ ನಾನು ಮೂರು ಸಂಜೆ ಎಣಿಸಿದೀನಿ. ಒಂದು ಹೊರಬಿದ್ರೆ ಒಂದು ಗೋಟಡಿಕೆ ಈ ಬುಟ್ಟಿಯಿಂದ ಆ ಬುಟ್ಟಿಗೆ. 27, 24, 29. ಇಪ್ಪತ್ತೇಳು ಅಂತಾದ್ರೆ ರಾತ್ರಿಗೆ ಇಪ್ಪತ್ತೇಳು ಗ್ರಾಂ ಹುಳ. ಜೋರು ಮಳೆ ರಾತ್ರಿ, ಕೊರೆಯೋ ಚಳಿ ಎಲ್ಲ ಬಿಟ್ಟು ವರ್ಷಕ್ಕೆ ಇನ್ನೂರೈವತ್ತು ರಾತ್ರಿ ಹಿಡಿದ್ರೂ ಆರೂಮುಕ್ಕಾಲು ಕಿಲೋ. ಮಿಲಿಗ್ರಾಂ ಲೆಕ್ಕದ ಹುಳ ಸೇರಿ ಆರೂಮುಕ್ಕಾಲು ಕಿಲೋ. ಅದೂ ಒಂದು ಕೊಟ್ಟಿಗೆಯಿಂದ, ಬಾಡಿಗೆ ಇಲ್ಲ, ಕೂಲಿ ಇಲ್ಲ.

ಅದರಲ್ಲಿ ನಮ್ಮ ಶತ್ರು ಎಷ್ಟು ಅನ್ನೋದು ಮುಂದಿನ ಪ್ರಶ್ನೆ. ಎಲ್ಲವೂ ಅಲ್ಲ. ಸಣ್ಣ ದುಂಬಿ, ಪತಂಗ, ನುಸಿ, ಸೊಳ್ಳೆ, ರೆಕ್ಕೆ ಬಂದ ಇರುವೆ, ಮೊದಲ ಮಳೆಗೆ ಏಳೋ ಗೆದ್ದಲಿನ ರೆಕ್ಕೆಹುಳ, ಯಾವುದು ಆ ಹೊತ್ತಿಗೆ ಜಾಸ್ತಿ ಹಾರುತ್ತೋ ಅದನ್ನ ತಿನ್ನುತ್ತೆ. ಒಳ್ಳೆ ಹುಳ ಕೆಟ್ಟ ಹುಳ ಅಂತ ಆರಿಸಲ್ಲ. ನಮ್ಮ ಅಡಕೆಯವರ ದೊಡ್ಡ ತಲೆನೋವು ಬೇರುಹುಳ. ಅದರ ದುಂಬಿ ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಮಣ್ಣಿಂದ ಏಳುತ್ತೆ, ಕಣ್ಕಪ್ಪಡಿ ಹಾರೋ ಹೊತ್ತಿಗೇ. ಆದ್ರೆ ಅದು ಇದರ ಬಾಯಿಗೆ ಬಲು ದೊಡ್ಡದು. ತೆಂಗಿನ ಕುರುವಾಯಿ ದುಂಬಿಯೂ ಹಾಗೇ. ಅಲ್ಲಿ ಇದರಿಂದ ಏನೂ ಆಗಲ್ಲ, ಬೇರುಹುಳದ ದುಂಬಿಯನ್ನ ನಾವೇ ಕೈಯಲ್ಲಿ ಹೆಕ್ಕಬೇಕು. ಇದು ಲೆಕ್ಕಕ್ಕೆ ಬರೋದು ಗದ್ದೆಯಲ್ಲಿ. ಸುಳಿ ಒಣಗಿಸಿ ಬಿಳಿತೆನೆ ಮಾಡೋ ಕಾಂಡಕೊರಕ, ಎಲೆ ಸುರುಳಿ ಹುಳ, ಇವುಗಳ ತಾಯಿ ಪತಂಗ ರಾತ್ರಿ ಹಾರಿ ಮೊಟ್ಟೆ ಇಡುತ್ತೆ. ಮೊಟ್ಟೆ ಇಡೋದಕ್ಕೆ ಮುಂಚೆ ಒಂದು ಪತಂಗ ಹೋಯ್ತು ಅಂದ್ರೆ ಅದರ ಮರಿಹುಳಗಳಷ್ಟೂ ಹೋದ ಹಾಗೆ. ಕಾಂಡದೊಳಗೆ ಹೊಕ್ಕ ಮೇಲೆ ಔಷಧಿ ತಾಗಿಸೋದು ಎಷ್ಟು ಕಷ್ಟ ಅಂತ ನಿಮಗೆ ಹೇಳ್ಬೇಕಾ.

ಇದನ್ನ ಗದ್ದೆಯಲ್ಲೇ ನೋಡಿದವರಿದ್ದಾರೆ. ಸ್ಪೇನ್ ದೇಶದಲ್ಲಿ ಎಬ್ರೊ ಅನ್ನೋ ನದಿ ಸಮುದ್ರ ಸೇರೋ ಜಾಗದಲ್ಲಿ ದೊಡ್ಡ ಭತ್ತದ ಬಯಲಿದೆ. ಅಲ್ಲಿಯೂ ಕಾಂಡಕೊರಕದ್ದೇ ಕಾಟ. ಗದ್ದೆ ಬದಿಯಲ್ಲಿ ಮರದ ಪೆಟ್ಟಿಗೆ ನಿಲ್ಸಿದ್ರು, ನಮ್ಮ ಕಣ್ಕಪ್ಪಡಿಯ ದಾಯಾದಿ ಜಾತಿಯ ಪಿಪಿಸ್ಟ್ರೆಲ್ ಬಂದು ತುಂಬ್ಕೊಂಡ್ವು, ವರ್ಷ ಕಳೆದ ಹಾಗೆ ಕಾಂಡಕೊರಕದ ಹಾವಳಿ ಇಳೀತು. 2015ರಲ್ಲಿ ಇದು ಪ್ರಕಟ ಆಗಿದೆ. ನಮ್ಮ ಹವೆ ಬೇರೆ, ನಮ್ಮ ಕಾಂಡಕೊರಕ ಬೇರೆ ಜಾತಿ, ಹಾಗಾಗಿ ಅಲ್ಲಿ ಆದದ್ದು ಇಲ್ಲೂ ಆಗುತ್ತೆ ಅಂತ ನಾನು ಬರೆದುಕೊಡಲ್ಲ. ಆದ್ರೆ ಅವರು ದುಡ್ಡು ಕೊಟ್ಟು ಪೆಟ್ಟಿಗೆ ಮಾಡಿ ಕರೆಸ್ಕೊಂಡಿದ್ದನ್ನ ನಾವು ಇರೋ ಮನೆಯಿಂದ ಹೊಗೆ ಹಾಕಿ ಓಡಿಸ್ತಾ ಇದೀವಿ.

ಸಂಜೆ ಒಂದು ದಿನ ಅಂಗಳದಲ್ಲಿ ಕೂತು ನೋಡಿ. ಸೂರ್ಯ ಮುಳುಗಿ ಹತ್ತಿಪ್ಪತ್ತು ನಿಮಿಷ, ಇನ್ನೂ ಮುಖ ಕಾಣೋ ಬೆಳಕಿರುವಾಗಲೇ ಒಂದೊಂದಾಗಿ ಬೀಳೋಕೆ ಶುರು. ಮೊದಲು ಬರೋದೇ ಇವು. ಅಂಗಳ, ತೋಟದ ಅಂಚು, ಗದ್ದೆ ಬದು, ಆಳೆತ್ತರದಿಂದ ಮರದ ನಡುಮಟ್ಟದವರೆಗೆ ಒಂದೇ ದಾರಿಯಲ್ಲಿ ಸುತ್ತು ಹೊಡೀತಾವೆ. ಕೆರೆ ಹೊಂಡ ಇದ್ರೆ ನೀರಿನ ಮೇಲೆ ಗೀರು ಹಾಕಿದ ಹಾಗೆ ಬಾಯಿ ತಾಗಿಸಿ ಕುಡೀತಾವೆ. ಪಂಚಾಯ್ತಿ ದೀಪದ ಕಂಬಕ್ಕೂ ಬರ್ತಾವೆ, ಅಲ್ಲಿ ಹುಳ ಸೇರಿರುತ್ತಲ್ಲ. ಹೊಟ್ಟೆ ತುಂಬಿದ ಮೇಲೆ ಬಹಳಷ್ಟು ವಾಪಸ್, ಬೆಳಗಿನ ಜಾವ ಇನ್ನೊಂದು ಪಾಳಿ.

ಹಗಲು ಇರೋದು ಹೆಂಚು ರೀಪಿನ ನಡುವೆ, ಗೋಡೆ ಬಿರುಕಲ್ಲಿ, ಮರದ ಎದ್ದ ತೊಗಟೆ ಅಡಿ, ಒಣಗಿ ಜೋತ ತಾಳೆ ಗರಿಯಲ್ಲಿ. ಬೆರಳು ತೂರದ ಸಂದಿಯಾದ್ರೂ ಸಾಕು. ಗುಹೆಯ ಬಾವಲಿ ಥರ ಸಾವಿರ ಸೇರಲ್ಲ, ಐದು, ಹತ್ತು, ಮೂವತ್ತು. ಹಿಕ್ಕೆ ನೋಡಿ ಇಲಿ ಅಂತ ವಿಷ ಇಟ್ಟವರೂ ಇದ್ದಾರೆ. ಪರೀಕ್ಷೆ ಸುಲಭ: ಕಡ್ಡಿಯಿಂದ ಒತ್ತಿ. ಇಲಿದು ಗಟ್ಟಿ. ಇದರದ್ದು ಪುಡಿಪುಡಿ ಆಗುತ್ತೆ, ಒಳಗೆ ಹುಳದ ರೆಕ್ಕೆ ಚೂರು ಮಿಣಮಿಣ ಅನ್ನುತ್ತೆ.

ಇನ್ನು ಹೊಗೆ ಹಾಕ್ಬೇಡಿ ಅನ್ನೋದಕ್ಕೆ ನನ್ನ ಮುಖ್ಯ ಕಾರಣ ಮರಿ. ಇಷ್ಟು ಸಣ್ಣ ಪ್ರಾಣಿ ಇಲಿ ಥರ ಹತ್ತು ಹಡೆಯುತ್ತೆ ಅಂದ್ಕೊಂಡಿರ್ತೀರಿ. ಇಲ್ಲ, ಸಾಮಾನ್ಯ ಎರಡು. ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿರಲ್ಲ. ಹಾರೋಕೆ ಮೂರು ನಾಲ್ಕು ವಾರ ಬೇಕು. ಅಲ್ಲಿವರೆಗೆ ತಾಯಿ ಹಾಲು ಕೊಟ್ಟೇ ಸಾಕ್ಬೇಕು, ಮೇಯೋಕೆ ಹೋಗುವಾಗ ಮರಿಯನ್ನ ಸಂದಿಯಲ್ಲೇ ಬಿಟ್ಟು ಹೋಗುತ್ತೆ. ಹೊಗೆ ಹಾಕಿದ್ರೆ ದೊಡ್ಡವು ಹಾರಿ ಹೋಗ್ತಾವೆ, ಮರಿ ಅಲ್ಲೇ ಉಸಿರುಗಟ್ಟಿ ಸಾಯುತ್ತೆ, ಇಲ್ಲ ಕೆಳಗೆ ಬಿದ್ದು ಇರುವೆ ಪಾಲು. ನಾಲ್ಕು ದಿನಕ್ಕೆ ಮನೆ ತುಂಬ ನಾತ. ಆಗ "ಬಾವಲಿ ವಾಸನೆ ನೋಡಿ" ಅಂತ ಅದಕ್ಕೇ ಬೈಯೋದು.

ಯಾವ ತಿಂಗಳು ಮರಿ ಇರಲ್ಲ, ಆಗ ಹೆಂಚು ತೆಗೀತೀವಿ ಅಂತ ನೀವು ಕೇಳಬಹುದು. ಚಳಿದೇಶದಲ್ಲಿ ಬೇಸಿಗೆಗೆ ಒಂದೇ ಸಲ ಮರಿ, ಅಲ್ಲಿ ಹಾಗೆ ಹೇಳ್ಬಹುದು. ನಮ್ಮ ದಕ್ಷಿಣದಲ್ಲಿ ಈ ಸಣ್ಣ ಕಣ್ಕಪ್ಪಡಿ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕುತ್ತೆ. ಹಾಗಾಗಿ ಪಂಚಾಂಗ ನೋಡಿ ಪ್ರಯೋಜನ ಇಲ್ಲ, ಕಿವಿ ಕೊಟ್ಟೇ ತಿಳೀಬೇಕು. ಹೆಂಚು ಇಳಿಸೋ ನಾಲ್ಕು ದಿನ ಮುಂಚೆ, ಕತ್ತಲಾಗಿ ಅರ್ಧ ಗಂಟೆ ಆದ ಮೇಲೆ ಆ ಜಾಗದ ಕೆಳಗೆ ಸುಮ್ಮನೆ ನಿಂತ್ಕೊಳ್ಳಿ. ದೊಡ್ಡವು ಹೋಗಿರ್ತಾವೆ. ಒಳಗೆ ಇನ್ನೂ ಚೀಚೀ ಅನ್ನೋ ಸಣ್ಣ ಸದ್ದು ಇದ್ರೆ ಮರಿ ಇದೆ ಅಂತ ಲೆಕ್ಕ, ಮರಿಗಳ ಸದ್ದು ನಮ್ಮ ಕಿವಿಗೂ ಕೇಳುತ್ತೆ. ಹಾಗಿದ್ರೆ ಆ ಒಂದು ಮಗ್ಗುಲನ್ನ ಕೊನೆಗೆ ಇಟ್ಕೊಳ್ಳಿ, ಮೂರು ನಾಲ್ಕು ವಾರ ಬಿಟ್ಟು ಮಾಡಿ. ಸದ್ದಿಲ್ಲ ಅಂದ್ರೆ ಕತ್ತಲಾದ ಮೇಲೆ ಆ ಸಾಲಿನ ಕೆಳಗಿನ ನಾಲ್ಕು ಹೆಂಚು ಸರಿಸಿಡಿ. ಗಾಳಿ ಬೆಳಕು ಹೊಕ್ಕ ಜಾಗಕ್ಕೆ ಮರುದಿನ ಬಂದು ಇರಲ್ಲ, ಬೇರೆ ಸಂದಿ ಹುಡುಕ್ಕೊಳ್ತಾವೆ. ಇಷ್ಟಕ್ಕೆ ಖರ್ಚು ಏನೂ ಇಲ್ಲ. ಶೀಟಿನ ಕೆಲಸದ ಹುಡುಗರಿಗೆ ಮೊದಲೇ ಹೇಳಿಡಿ, ಅವರು ನೀವು ಹೇಳಿದ ಹಾಗೆ ಮಾಡ್ತಾರೆ. ಹೇಳೋರು ಇಲ್ಲ ಅಂತ ಹೊಗೆ ಹಾಕೋದು.

ಹಿಕ್ಕೆ ಬೀಳುತ್ತೆ, ಗಲೀಜು ಅನ್ನೋ ಆಕ್ಷೇಪಣೆ ನ್ಯಾಯವೇ. ಅನ್ನ ಮಾಡೋ ಜಾಗದ ಮೇಲೆ, ಮಲಗೋ ಕೋಣೆಯಲ್ಲಿ ಇರ್ಲಿ ಅಂತ ನಾನೂ ಹೇಳಲ್ಲ. ಅಲ್ಲಿ ಸಂದಿ ಮುಚ್ಚಿ, ಆದ್ರೆ ಎಲ್ಲ ಹೊರಗೆ ಹೋದ ಮೇಲೆ ಮುಚ್ಚಿ. ಒಣಗಿದ ಹಿಕ್ಕೆ ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿ, ಮೊದಲು ನೀರು ಚಿಮುಕಿಸಿ, ಧೂಳು ಒಳಗೆ ಎಳ್ಕೋಬಾರದು. ಗುಡಿಸಿದ್ದು ಮಲ್ಲಿಗೆ ಬುಡಕ್ಕೆ ಹಾಕಿ.

ಕೊಟ್ಟಿಗೆ, ಸೌದೆ ಕೊಟ್ಟಿಗೆ, ಪಂಪುಮನೆಗಳನ್ನಾದ್ರೂ ಹೆಂಚಿನಲ್ಲೇ ಬಿಡಿ ಅನ್ನೋದು ನನ್ನ ಅಭಿಪ್ರಾಯ. ಬಿಸಿಲಿಗೆ ಕಾದ ಶೀಟಿನ ಅಡಿ ಮೂರು ಗ್ರಾಂ ಜೀವ ಹಗಲು ಕಳೆಯೋಕೆ ಆಗಲ್ಲ, ದನಕ್ಕೂ ಹಿತ ಇಲ್ಲ. ಅದೂ ಆಗಲ್ಲ ಅನ್ನೋರು ಒಂದು ಹಲಗೆ ಹೊಡೆದಿಡಿ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಹಳೇ ಹಲಗೆ, ಪೇಂಟು ಪಾಲಿಶ್ ಬೇಡ, ಗೋಡೆ ಕಡೆ ಮುಖ ಕತ್ತಿಯಿಂದ ಗೀಚಿ ಒರಟು ಮಾಡಿ ಉಗುರು ಹಿಡಿಯೋಕೆ. ಗೋಡೆಗೂ ಹಲಗೆಗೂ ನಡುವೆ ಮುಕ್ಕಾಲು ಇಂಚು ಸಂದಿ ಬರೋ ಹಾಗೆ ಮೂರು ಬದಿ ಪಟ್ಟಿ ಕೊಟ್ಟು ಕೆಳಬದಿ ತೆರೆದಿಡಿ. ಹತ್ತು ಹನ್ನೆರಡು ಅಡಿ ಎತ್ತರ, ದೀಪದ ಬೆಳಕು ಬೀಳದ ಗೋಡೆ, ಬೆಕ್ಕು ಹತ್ತೋಕೆ ಹತ್ತಿರದಲ್ಲಿ ಏನೂ ಇರಬಾರದು. ಬಂದೇ ಬರ್ತಾವೆ ಅಂತಲ್ಲ. ನಮ್ಮ ಪಂಪುಮನೆ ಹಿಂದೆ ಹೊಡೆದದ್ದಕ್ಕೆ ಒಂದು ಮಳೆಗಾಲ ಪೂರ್ತಿ ಏನೂ ಬರಲಿಲ್ಲ, ಎರಡನೇ ದೀಪಾವಳಿ ಹೊತ್ತಿಗೆ ಕೆಳಗೆ ಹಿಕ್ಕೆ ಕಂಡಿತು. ಈಗ ನಾಲ್ಕೋ ಐದೋ ಇವೆ.

ನೋಡ್ಬೇಕು ಅನ್ನೋರು ಬನ್ನಿ, ಹಲಗೆ ಅಳತೆಯೂ ತಗೊಂಡು ಹೋಗಬಹುದು. ಸಂಜೆ ಆರೂವರೆ ಒಳಗೆ ಬಂದ್ಬಿಡಿ, ಆಮೇಲೆ ಬಂದ್ರೆ ಅವು ಕೆಲಸಕ್ಕೆ ಹೋಗಿರ್ತಾವೆ. ಟಾರ್ಚು ಹಾಕೋದು ಬೇಡ.